ಒಂದೂಕಾಲು ಕಿಲೋಮೀಟರ್ ದೂರದ ಶಾಲೆ: ಮಕ್ಕಳನ್ನು ನಡೆಸಿ ಕಳಿಸಬಹುದಾ?

ಪ್ರಶ್ನೆ: ನಾವು ಬೆಂಗಳೂರಿನ ಬಸವೇಶ್ವರನಗರದಲ್ಲಿದ್ದೇವೆ. ಮಗ ಐದನೇ ತರಗತಿ, ಮಗಳು ಎಂಟನೇ ತರಗತಿ. ಇಬ್ಬರದೂ ಒಂದೇ ಶಾಲೆ, ಮನೆಯಿಂದ ಒಂದೂಕಾಲು ಕಿಲೋಮೀಟರ್ ದೂರ. ದಿನಾ ಕಾರಿನಲ್ಲಿ ಬಿಡುತ್ತೇನೆ. ಗೇಟಿನ ಹತ್ತಿರ ಎಷ್ಟು ಜಾಮ್ ಅಂದರೆ ಹೋಗಿ ಬರಲು ಮುಕ್ಕಾಲು ಗಂಟೆ ಬೇಕು. ಮಕ್ಕಳು ನಡೆದೇ ಹೋಗಲಿ ಅಂತ ನನಗೆ ಆಸೆ. ಮಗಳಿಗೆ ಸೈಕಲ್ ಬೇಕಂತೆ. ಪಕ್ಕದ ಮನೆಯವರು ‘ನಮ್ಮ ಮಕ್ಕಳನ್ನೂ ನಿಮ್ಮ ಕಾರಲ್ಲೇ ಕರ್ಕೊಂಡು ಹೋಗಿ, ತಿಂಗಳಿಗೆ ಇಷ್ಟು ಅಂತ ಕೊಡ್ತೀವಿ’ ಅನ್ನುತ್ತಿದ್ದಾರೆ. ಅತ್ತೆಯವರಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ‘ಈ ಟ್ರಾಫಿಕ್‌ನಲ್ಲಿ ಮಕ್ಕಳನ್ನ ನಡೆಸ್ತೀಯಾ?’ ಅಂತಾರೆ. ಏನು ಮಾಡಲಿ?

ಉತ್ತರ: ನಡೆಸಿ ಕಳಿಸಬಹುದು. ಆದರೆ ನಾಳೆಯಿಂದಲೇ ಬೇಡ. ಇಬ್ಬರನ್ನೂ ಒಂದೇ ಥರ ಕಳಿಸುವುದೂ ಬೇಡ.

ಅತ್ತೆಯವರ ಭಯ ಸುಳ್ಳಲ್ಲ. ನಮ್ಮ ರಸ್ತೆಗಳು ಮಕ್ಕಳನ್ನು ನೆನಪಿಟ್ಟುಕೊಂಡು ಮಾಡಿದವಲ್ಲ. ಆದರೆ ಶಾಲೆಗಳ ಸುತ್ತಲಿನ ರಸ್ತೆಗಳನ್ನು ನೋಡುವುದೇ ಕೆಲಸವಾದ ನನಗೆ ಒಂದು ಮಾತು ಖಚಿತವಾಗಿ ಗೊತ್ತು. ಒಂದೂಕಾಲು ಕಿಲೋಮೀಟರ್ ದಾರಿಯಲ್ಲಿ ಅಪಾಯ ಎಲ್ಲ ಕಡೆ ಸಮನಾಗಿ ಇರುವುದಿಲ್ಲ. ಎರಡು ಅಥವಾ ಮೂರು ಜಾಗದಲ್ಲಿ ಇರುತ್ತದೆ. ಆ ಜಾಗಗಳಲ್ಲಿ ಒಬ್ಬ ದೊಡ್ಡವರು ನಿಂತರೆ ಮಿಕ್ಕ ದಾರಿಯನ್ನು ಮಕ್ಕಳು ತಾವೇ ನಡೆಯಬಲ್ಲರು. ‘ಹುಷಾರಾಗಿ ಹೋಗು’ ಅಂತ ಮಗುವಿಗೆ ನೂರು ಸಲ ಹೇಳುವುದಕ್ಕಿಂತ ಆ ಎರಡು ಜಾಗ ಯಾವುವು ಅಂತ ಗುರುತಿಸುವುದು ಹೆಚ್ಚು ಕೆಲಸಕ್ಕೆ ಬರುತ್ತದೆ.

ಅದಕ್ಕೆ ಮೊದಲು ನೀವೇ ನಡೆಯಬೇಕು. ಭಾನುವಾರ ಬೇಡ, ಶಾಲೆ ಇರುವ ದಿನವೇ ಆಗಬೇಕು. ಮಕ್ಕಳು ಹೋಗುವ ಹೊತ್ತಿಗೇ ಹೊರಡಿ, ಮಗನನ್ನೂ ಜೊತೆಗೆ ಕರೆದುಕೊಳ್ಳಿ. ಗೂಗಲ್ ಮ್ಯಾಪ್ ತೋರಿಸುವ ಹತ್ತಿರದ ದಾರಿಯನ್ನೇ ಹಿಡಿಯಬೇಕೆಂದಿಲ್ಲ. ನಿಮ್ಮ ಕಡೆ ಮೇನ್‌ಗಳೂ ಕ್ರಾಸ್‌ಗಳೂ ಸಾಲಾಗಿ ಇರುವುದರಿಂದ ಆಯ್ಕೆ ಜಾಸ್ತಿ. ಇನ್ನೂರು ಮೀಟರ್ ಸುತ್ತಾದರೂ ಪರವಾಗಿಲ್ಲ, ಬಸ್ಸು ಲಾರಿ ಓಡಾಡದ ಒಳರಸ್ತೆ ಹಿಡಿಯಿರಿ. ಹೊಗೆಯೂ ಕಡಿಮೆ.

ಎಲ್ಲೆಲ್ಲಿ ನಿಮ್ಮ ಕೈ ತಾನಾಗಿ ಮಗನ ಕೈ ಹಿಡಿಯಿತು ಅಂತ ಗಮನಿಸಿ. ಆ ಜಾಗಗಳನ್ನು ಬರೆದುಕೊಳ್ಳಿ. ಸಾಮಾನ್ಯವಾಗಿ ಸಿಗುವವು ಇವು: ಸಿದ್ದಯ್ಯ ಪುರಾಣಿಕ ರಸ್ತೆಯಂಥ ದೊಡ್ಡ ರಸ್ತೆಯನ್ನು ದಾಟುವ ಜಾಗ, ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಿಂದ ಕಾರು ಮೇಲೆ ಬರುವ ಬಾಯಿ, ಮೋರಿಯ ಚಪ್ಪಡಿ ಕಿತ್ತುಹೋದ ಕಡೆ, ಮತ್ತೆ ಶಾಲೆಯ ಗೇಟು. ಪ್ರತಿ ಜಾಗದಲ್ಲೂ ಒಮ್ಮೆ ಮಗನ ಎತ್ತರಕ್ಕೆ ಬಗ್ಗಿ ನೋಡಿ. ನಿಲ್ಲಿಸಿದ ಎಸ್‌ಯುವಿಯ ಬಾನೆಟ್ಟಿನ ಆಚೆ ನಿಮಗೆ ಕಾಣುವ ರಸ್ತೆ ಅವನಿಗೆ ಕಾಣುವುದಿಲ್ಲ. ಬರುವ ಗಾಡಿಯವರಿಗೆ ಅವನೂ ಕಾಣುವುದಿಲ್ಲ.

ಈಗ ಮಗನ ವಿಷಯ. ಹತ್ತು ವರ್ಷದ ಮಗು ಜಾಣ ಇರಬಹುದು, ಲೆಕ್ಕದಲ್ಲಿ ಮುಂದಿರಬಹುದು. ಆದರೂ ಬರುವ ಗಾಡಿಯ ವೇಗ ಎಷ್ಟು, ಅದು ಬರುವಷ್ಟರಲ್ಲಿ ತಾನು ದಾಟಬಲ್ಲೆನಾ ಎಂಬ ಅಂದಾಜು ಆ ವಯಸ್ಸಿಗೆ ಪೂರ್ತಿ ಬಂದಿರುವುದಿಲ್ಲ. ಇದು ತುಂಟತನವೂ ಅಲ್ಲ, ಅಲಕ್ಷ್ಯವೂ ಅಲ್ಲ, ಬೆಳವಣಿಗೆಯ ವಿಷಯ. ಅಮೆರಿಕದ ಅಯೋವಾ ವಿಶ್ವವಿದ್ಯಾಲಯದವರು 6ರಿಂದ 14 ವರ್ಷದ ಮಕ್ಕಳನ್ನು ಕಂಪ್ಯೂಟರಿನಲ್ಲಿ ಸೃಷ್ಟಿಸಿದ ರಸ್ತೆಯಲ್ಲಿ ದಾಟಿಸಿ ನೋಡಿದರು. 2017ರಲ್ಲಿ ಅದರ ಫಲಿತಾಂಶ ಬಂತು. ಬಿಡುವಿಲ್ಲದೆ ಗಾಡಿ ಓಡುವ ರಸ್ತೆಯನ್ನು ದೊಡ್ಡವರಷ್ಟೇ ಸುರಕ್ಷಿತವಾಗಿ ದಾಟಿದ್ದು 14 ವರ್ಷದವರು ಮಾತ್ರ. ಗಾಡಿಗಳ ನಡುವೆ ದೊಡ್ಡವರು ಆರಿಸಿಕೊಂಡಂಥ ಸಂದಿಯನ್ನೇ ಚಿಕ್ಕವರೂ ಹೆಚ್ಚಾಗಿ ಆರಿಸಿಕೊಂಡರೂ ಹೆಜ್ಜೆ ಇಡುವುದರಲ್ಲಿ ತಡಮಾಡುತ್ತಿದ್ದರು. ಅಲ್ಲೇ ಪೆಟ್ಟು ಬೀಳುವುದು.

ಗಾಡಿಯ ಕಡೆಯಿಂದಲೂ ಒಂದು ಲೆಕ್ಕ ನೋಡಿ. ಗಂಟೆಗೆ 30 ಕಿಲೋಮೀಟರ್ ವೇಗದಲ್ಲಿ ಬರುವ ಕಾರಿನ ಮುಂದೆ ಮಗು ಓಡಿ ಬಂತು ಅಂದುಕೊಳ್ಳಿ. ಡ್ರೈವರ್‌ಗೆ ಗೊತ್ತಾಗಿ ಬ್ರೇಕಿನ ಮೇಲೆ ಕಾಲು ಹೋಗಲು ಒಂದು ಸೆಕೆಂಡ್ ಹಿಡಿದರೂ ಒಣ ರಸ್ತೆಯಲ್ಲಿ ಸುಮಾರು 13 ಮೀಟರಿನಲ್ಲಿ ಕಾರು ನಿಲ್ಲುತ್ತದೆ. ಅದೇ 50ರ ವೇಗದಲ್ಲಿದ್ದರೆ ನಿಲ್ಲಲು 27-28 ಮೀಟರ್ ಬೇಕು. ಅಂದರೆ 15 ಮೀಟರ್ ದೂರದಲ್ಲಿ ಮಗು ಕಂಡರೆ ಮೊದಲನೆಯ ಕಾರು ನಿಂತಿರುತ್ತದೆ. ಎರಡನೆಯದು ವೇಗ ಕಡಿಮೆ ಮಾಡಲು ಶುರುಮಾಡುವಷ್ಟರಲ್ಲಿ ಮಗುವಿನ ಹತ್ತಿರ ಬಂದುಬಿಟ್ಟಿರುತ್ತದೆ. 2020ರ ಫೆಬ್ರವರಿಯಲ್ಲಿ ಸ್ಟಾಕ್‌ಹೋಮಿನಲ್ಲಿ ಸೇರಿದ ದೇಶಗಳು ಜನರೂ ಗಾಡಿಗಳೂ ಬೆರೆಯುವ ರಸ್ತೆಗಳಲ್ಲಿ 30 ಕಿಲೋಮೀಟರ್ ಮಿತಿ ಇರಬೇಕು ಅಂದಿದ್ದು ಇಂಥ ಲೆಕ್ಕದ ಮೇಲೆಯೇ.

ಹಾಗಾಗಿ ಮಗ ದೊಡ್ಡ ರಸ್ತೆಯನ್ನು ಒಬ್ಬನೇ ದಾಟುವುದು ಬೇಡ. ಅಕ್ಕ ಜೊತೆಗಿದ್ದರೂ ಬೇಡ. ಎಂಟನೇ ತರಗತಿ ಹುಡುಗಿಯ ಮೇಲೆ ತಮ್ಮನ ಜೀವದ ಜವಾಬ್ದಾರಿ ಹಾಕುವುದು ಅವಳಿಗೂ ಭಾರ. ಆ ಜಾಗದಲ್ಲಿ ದೊಡ್ಡವರೊಬ್ಬರು ಇರಲಿ. ಒಳರಸ್ತೆಗಳಲ್ಲಿ ಮಾತ್ರ ಮಕ್ಕಳು ಗುಂಪಾಗಿ ತಾವೇ ಹೋಗಲಿ.

ಗುಂಪು ಅಂದೆ, ಅದು ಬಹಳ ಮುಖ್ಯ. ನಿಮ್ಮ ಬೀದಿಯಲ್ಲಿ ಅದೇ ಶಾಲೆಗೆ ಹೋಗುವ ಮಕ್ಕಳು ಇನ್ನೂ ಇರುತ್ತಾರೆ, ಅಲ್ವಾ? ನಾಲ್ಕೈದು ಮನೆಯವರು ಸೇರಿ. ಹೊರಡುವ ಹೊತ್ತು, ಸೇರುವ ಜಾಗ ಗೊತ್ತುಮಾಡಿ. ದಿನಕ್ಕೊಬ್ಬರು ದೊಡ್ಡವರು ಜೊತೆಗೆ ನಡೆಯಿರಿ. ಆಸ್ಟ್ರೇಲಿಯಾದ ಡೇವಿಡ್ ಎಂಗ್ವಿಚ್ ಎಂಬವರು 1990ರ ದಶಕದಲ್ಲಿ ಇದಕ್ಕೆ ‘ನಡೆಯುವ ಶಾಲಾ ಬಸ್ಸು’ ಅಂತ ಹೆಸರಿಟ್ಟು ಪ್ರಚಾರ ಮಾಡಿದರು. ಬಸ್ಸಿನಂತೆಯೇ ಅದಕ್ಕೆ ದಾರಿ, ಹೊತ್ತು, ನಿಲ್ದಾಣ ಎಲ್ಲ ಇರುತ್ತದೆ. ದಾರಿಯಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಸೇರಿಕೊಳ್ಳುತ್ತಾರೆ. ಜಪಾನಿನಲ್ಲಿ ಪ್ರಾಥಮಿಕ ಶಾಲೆಯ ಮಕ್ಕಳು ಎಷ್ಟೋ ಊರುಗಳಲ್ಲಿ ಹೀಗೇ ಗುಂಪಾಗಿ ನಡೆಯುತ್ತಾರೆ. ದೊಡ್ಡ ತರಗತಿಯವರು ಮುಂದೆ, ಚಿಕ್ಕವರು ಹಿಂದೆ. ರಸ್ತೆ ದಾಟುವಲ್ಲಿ ಊರಿನ ಹಿರಿಯರು ಬಾವುಟ ಹಿಡಿದು ನಿಂತಿರುತ್ತಾರೆ. ನಮ್ಮ ಹಳ್ಳಿಗಳ ಮಕ್ಕಳಿಗೆ ಗುಂಪಾಗಿ ನಡೆಯುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ನಗರಕ್ಕೆ ಬಂದ ಮೇಲೆ ನಾವೇ ಬಿಟ್ಟಿದ್ದು.

ಅತ್ತೆಯವರಿಗೆ ಕಾಲು ನೋವು ಇಲ್ಲದಿದ್ದರೆ ಮೊದಲ ಕೆಲವು ದಿನ ಅವರನ್ನೂ ಕರೆದುಕೊಂಡು ಹೋಗಿ. ಬೀದಿಯ ಅಜ್ಜ ಅಜ್ಜಿಯರು ಈ ಕೆಲಸಕ್ಕೆ ನಿಜವಾಗಿಯೂ ಒಳ್ಳೆಯವರು. ಅವರಿಗೆ ಬೆಳಗ್ಗೆ ಗಡಿಬಿಡಿ ಇರುವುದಿಲ್ಲ, ಫೋನ್ ನೋಡುತ್ತಾ ನಡೆಯುವುದಿಲ್ಲ, ಬೀದಿಯಲ್ಲಿ ಎಲ್ಲರ ಪರಿಚಯವೂ ಇರುತ್ತದೆ. ಹೂವಿನವರು, ಅಂಗಡಿಯವರು, ಅಪಾರ್ಟ್‌ಮೆಂಟಿನ ಸೆಕ್ಯೂರಿಟಿಯವರು ಇವರಿಗೆಲ್ಲ ಮಕ್ಕಳ ಗುರುತು ಮಾಡಿಸಿಬಿಡಿ. ಯಾರಾದರೂ ಹಿಂಬಾಲಿಸಿದರೆ, ಹೆದರಿಸಿದರೆ ಯಾವ ಅಂಗಡಿಗೆ ಹೋಗಿ ನಿಲ್ಲಬೇಕು ಅಂತ ಮಕ್ಕಳಿಗೆ ಗೊತ್ತಿರಬೇಕು. 112 ಮತ್ತು ಮಕ್ಕಳ ಸಹಾಯವಾಣಿ 1098 ಬಾಯಿಪಾಠ ಆಗಿರಲಿ. ‘ಅಮ್ಮ ಕಳಿಸಿದ್ದಾರೆ, ಬಾ’ ಅಂತ ಯಾರಾದರೂ ಕರೆದರೆ ಕೇಳಲು ಮನೆಯವರಿಗೆ ಮಾತ್ರ ಗೊತ್ತಿರುವ ಒಂದು ಗುಟ್ಟಿನ ಮಾತು ಇಟ್ಟುಕೊಳ್ಳಿ.

ದಾಟುವ ಪಾಠ ಹೀಗಿರಲಿ. ನಮ್ಮಲ್ಲಿ ಗಾಡಿ ಎಡಗಡೆ ಓಡುವುದರಿಂದ ಮೊದಲು ಹತ್ತಿರ ಬರುವುದು ಬಲಗಡೆಯಿಂದ. ಬಲ, ಎಡ, ಮತ್ತೆ ಬಲ ನೋಡಬೇಕು. ಪುಸ್ತಕದಲ್ಲಿ ಇಷ್ಟೇ ಇರುತ್ತದೆ. ಬೆಂಗಳೂರಿಗೆ ಇದು ಸಾಲದು. ಒನ್ ವೇ ಆದರೂ ಎರಡೂ ಕಡೆ ನೋಡಲೇಬೇಕು, ರಾಂಗ್ ಸೈಡಿನಲ್ಲಿ ಬೈಕು ಬಂದೇ ಬರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಸದ್ದಿಲ್ಲ, ಹಾಗಾಗಿ ಕಿವಿಯನ್ನು ನಂಬಬಾರದು. ನಿಂತ ಬಸ್ಸಿನ ಮುಂದಿನಿಂದ ದಾಟಬಾರದು. ಎರಡು ಕಾರುಗಳ ನಡುವೆ ನುಸುಳಿ ರಸ್ತೆಗೆ ಇಳಿಯಬಾರದು. ಕಾರಿನ ಬಿಳಿ ರಿವರ್ಸ್ ಲೈಟ್ ಹತ್ತಿದ್ದರೆ ಅದರ ಹಿಂದೆ ಹೋಗಬಾರದು. ಜೀಬ್ರಾ ಇದ್ದರೂ ಗಾಡಿ ನಿಂತದ್ದನ್ನು ಕಂಡ ಮೇಲೆಯೇ ಹೆಜ್ಜೆ ಇಡಬೇಕು. ಒಂದು ಗಾಡಿ ನಿಂತರೆ ಅದರ ಪಕ್ಕದಲ್ಲಿ ಇನ್ನೊಂದು ನುಗ್ಗುತ್ತಿರುತ್ತದೆ, ಅದನ್ನೂ ನೋಡಬೇಕು. ಫುಟ್‌ಪಾತ್ ಇಲ್ಲದ ಕಡೆ ರಸ್ತೆಯ ಬಲಬದಿಯಲ್ಲಿ, ಎದುರಿನ ಗಾಡಿ ಕಾಣುವಂತೆ, ಸಾಲಾಗಿ ನಡೆಯಬೇಕು. ಇದನ್ನು ಮನೆಯಲ್ಲಿ ಕೂರಿಸಿ ಹೇಳಿದರೆ ತಲೆಗೆ ಹೋಗುವುದಿಲ್ಲ. ರಸ್ತೆಯಲ್ಲಿ ನಿಂತು ‘ಈಗ ದಾಟಬಹುದಾ? ಯಾಕೆ?’ ಅಂತ ಮಗನನ್ನೇ ಕೇಳಿ. ಅವನು ನಿಮ್ಮನ್ನು ದಾಟಿಸಲಿ.

ಮಳೆಗಾಲ ಬೇರೆಯೇ ವಿಷಯ. ನೀರು ನಿಂತ ಜಾಗದಲ್ಲಿ ಕಾಲಿಡಬಾರದು, ಕೆಳಗೆ ಚಪ್ಪಡಿ ಇದೆಯೋ ಬಾಯಿ ತೆರೆದ ಮೋರಿಯೋ ಗೊತ್ತಾಗುವುದಿಲ್ಲ. ಫುಟ್‌ಪಾತ್ ಮೇಲಿನ ಟ್ರಾನ್ಸ್‌ಫಾರ್ಮರ್ ಬೇಲಿ, ಲೈಟ್ ಕಂಬ, ತೂಗಾಡುವ ಕೇಬಲ್ ಯಾವುದನ್ನೂ ಮುಟ್ಟಬಾರದು. ಇದನ್ನು ಬೇಸಿಗೆಯಲ್ಲೂ ಅಭ್ಯಾಸ ಮಾಡಿಸಿ. ಜೋರು ಮಳೆ ಬಂದ ದಿನ ಕಾರು ತೆಗೆಯಿರಿ, ಅದರಲ್ಲಿ ಸೋಲೇನಿಲ್ಲ.

ನಾಯಿಗಳ ಬಗ್ಗೆ ನೀವು ಕೇಳಿಲ್ಲ, ಆದರೆ ತಾಯಂದಿರು ಹೆಚ್ಚು ಕೇಳುವುದು ಅದನ್ನೇ. ಓಡಬಾರದು, ಕಣ್ಣಲ್ಲಿ ಕಣ್ಣಿಟ್ಟು ನೋಡಬಾರದು, ಬ್ಯಾಗನ್ನು ಮುಂದೆ ಹಿಡಿದು ನಿಧಾನವಾಗಿ ಪಕ್ಕಕ್ಕೆ ಸರಿಯಬೇಕು. ಕಚ್ಚಿದರೆ, ಬರೀ ಗೀರಿದರೂ, ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ತಕ್ಷಣ ಆಸ್ಪತ್ರೆಗೆ ಹೋಗಿ ರೇಬೀಸ್ ಲಸಿಕೆ ಹಾಕಿಸಬೇಕು. ಬೈಯುತ್ತಾರೆ ಅಂತ ಮಗು ಇದನ್ನು ಮುಚ್ಚಿಡದಂತೆ ನೋಡಿಕೊಳ್ಳಿ.

ಬ್ಯಾಗಿನ ಭಾರವನ್ನೂ ಒಮ್ಮೆ ತೂಗಿ. ನಮ್ಮ ಶಿಕ್ಷಣ ಇಲಾಖೆಯ ಸುತ್ತೋಲೆಯ ಪ್ರಕಾರ 3ರಿಂದ 5ನೇ ತರಗತಿಯವರ ಬ್ಯಾಗು 2-3 ಕಿಲೋ, 6ರಿಂದ 8ನೇ ತರಗತಿಯವರದು 3-4 ಕಿಲೋ ಮೀರಬಾರದು. ಆರೇಳು ಕಿಲೋ ಹೊತ್ತ ಮಗುವಿಗೆ ನಡಿಗೆ ಇಷ್ಟವಾಗುವುದಾದರೂ ಹೇಗೆ? ಶಾಲೆಯವರ ಹತ್ತಿರ ಆ ಸುತ್ತೋಲೆ ಇಟ್ಟುಕೊಂಡೇ ಮಾತಾಡಿ.

ಮಗಳ ಸೈಕಲ್‌ಗೆ ಬರೋಣ. ನನಗೆ ಅವಳ ಆಸೆ ಕೇಳಿಯೇ ಖುಷಿಯಾಯಿತು. ಕರ್ನಾಟಕದಲ್ಲಿ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಸರ್ಕಾರ ಸೈಕಲ್ ಕೊಡಲು ಶುರುಮಾಡಿತು. ಏಳನೇ ತರಗತಿ ಮುಗಿಸಿ ಮನೆಯಲ್ಲಿ ಉಳಿಯಬೇಕಿದ್ದ ಎಷ್ಟೋ ಹಳ್ಳಿಯ ಹುಡುಗಿಯರು ಆ ಸೈಕಲ್ ತುಳಿದೇ ಪಕ್ಕದ ಊರಿನ ಹೈಸ್ಕೂಲಿಗೆ ಹೋದರು. ಬಿಹಾರದಲ್ಲೂ ಇಂಥದೇ ಯೋಜನೆ ಬಂತು. ಅಲ್ಲಿ ಹೈಸ್ಕೂಲಿಗೆ ಸೇರುವ ಹುಡುಗಿಯರ ಸಂಖ್ಯೆ ಅದರಿಂದ ಸುಮಾರು ಮೂರನೇ ಒಂದು ಭಾಗದಷ್ಟು ಏರಿತು ಅಂತ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದಾರೆ. ಹುಡುಗಿಯ ಕೈಯಲ್ಲಿ ಸೈಕಲ್ ಇರುವುದು ಸಣ್ಣ ಮಾತಲ್ಲ.

ಆದರೆ ಹಳ್ಳಿಯ ರಸ್ತೆ ಬೇರೆ, ನಿಮ್ಮ ರಸ್ತೆ ಬೇರೆ. ಹದಿಮೂರು ವರ್ಷದವಳು ಒಳರಸ್ತೆಗಳಲ್ಲಿ ಸೈಕಲ್ ತುಳಿಯಬಹುದು. ದೊಡ್ಡ ರಸ್ತೆ ಬಂದಾಗ ಇಳಿದು, ತಳ್ಳಿಕೊಂಡು, ನಡೆಯುವವರ ಜೊತೆಗೇ ದಾಟಲಿ. ಈ ಒಂದು ನಿಯಮಕ್ಕೆ ರಿಯಾಯಿತಿ ಬೇಡ. ಶಾಲೆಯ ದಾರಿಯನ್ನು ಮೊದಲು ಭಾನುವಾರ ಬೆಳಗ್ಗೆ, ಆಮೇಲೆ ಶಾಲೆಯ ಹೊತ್ತಿನಲ್ಲಿ, ನಿಮ್ಮಲ್ಲೊಬ್ಬರು ಅವಳ ಹಿಂದೆ ಇನ್ನೊಂದು ಸೈಕಲ್‌ನಲ್ಲಿ ಹೋಗಿ ಅಭ್ಯಾಸ ಮಾಡಿಸಿ. ಒಂದು ಕೈ ಬಿಟ್ಟು ಸಿಗ್ನಲ್ ತೋರಿಸುವಾಗ, ಹಿಂದೆ ತಿರುಗಿ ನೋಡುವಾಗ ಸೈಕಲ್ ಅಲುಗಾಡಬಾರದು. ಅಲ್ಲಿಯವರೆಗೆ ಒಬ್ಬಳನ್ನೇ ಬಿಡಬೇಡಿ.

ಸೈಕಲ್‌ನಲ್ಲಿ ಪೆಟ್ಟಾಗುವುದು ಹಿಂದಿನಿಂದ ಗುದ್ದಿಸಿಕೊಂಡು ಮಾತ್ರ ಅಲ್ಲ. ನಿಂತ ಕಾರಿನ ಬಾಗಿಲು ಥಟ್ಟನೆ ತೆರೆದುಕೊಳ್ಳುತ್ತದೆ. ಹಾಗಾಗಿ ನಿಂತ ಕಾರುಗಳಿಂದ ಒಂದು ಮೀಟರ್ ದೂರದಲ್ಲೇ ಹೋಗಬೇಕು. ತೀರಾ ಅಂಚಿಗೆ ಅಂಟಿಕೊಂಡು ಹೋಗುವುದು ಸುರಕ್ಷಿತ ಅಂತ ನಾವು ಅಂದುಕೊಳ್ಳುತ್ತೇವೆ, ಅದು ತಪ್ಪು. ಅಲ್ಲಿ ಮಣ್ಣು, ಜಲ್ಲಿ, ಮೋರಿಯ ಜಾಲರಿ ಎಲ್ಲ ಇರುತ್ತದೆ. ಜಾಲರಿಯ ಸರಳುಗಳು ರಸ್ತೆಯ ಉದ್ದಕ್ಕೇ ಇದ್ದರೆ ಚಕ್ರ ಸಿಕ್ಕಿಕೊಳ್ಳುತ್ತದೆ. ಬ್ಯಾಗನ್ನು ಹ್ಯಾಂಡಲ್‌ಗೆ ತೂಗುಹಾಕಬಾರದು, ಕ್ಯಾರಿಯರ್‌ಗೆ ಕಟ್ಟಬೇಕು. ದುಪಟ್ಟಾ, ಶೂ ಲೇಸು ಚೈನಿಗೆ ಸಿಗದಂತೆ ಕಟ್ಟಿರಬೇಕು. ಹೆಲ್ಮೆಟ್ ಹುಬ್ಬಿನಿಂದ ಎರಡು ಬೆರಳು ಮೇಲೆ ಕೂರಬೇಕು, ಪಟ್ಟಿ ಬಿಗಿಯಾಗಿರಬೇಕು. ಬೆಳೆಯುತ್ತಾಳೆ ಅಂತ ದೊಡ್ಡ ಸೈಕಲ್ ತರಬೇಡಿ. ಸೀಟಿನ ಮೇಲೆ ಕೂತಾಗ ಎರಡೂ ಕಾಲಿನ ಬೆರಳು ನೆಲಕ್ಕೆ ಸಿಗಬೇಕು.

ಇನ್ನೆರಡು ವರ್ಷಕ್ಕೆ ‘ಸೈಕಲ್ ಬೇಡ, ಸ್ಕೂಟಿ ಕೊಡಿಸಿ’ ಅನ್ನುವ ಮಾತು ಬರುತ್ತದೆ. ಆಗ ಬಗ್ಗಬೇಡಿ. 16 ವರ್ಷಕ್ಕೆ ಸಿಗುವ ಲೈಸೆನ್ಸ್ 50 ಸಿಸಿ ಒಳಗಿನ, ಗೇರ್ ಇಲ್ಲದ ಗಾಡಿಗೆ ಮಾತ್ರ. ರಸ್ತೆಯಲ್ಲಿ ನಾವು ನೋಡುವ ಪೆಟ್ರೋಲ್ ಸ್ಕೂಟರ್‌ಗಳೆಲ್ಲ ಹೆಚ್ಚುಕಮ್ಮಿ 100 ಸಿಸಿ ದಾಟಿದವು, ಅವಕ್ಕೆ 18 ಆಗಿರಲೇಬೇಕು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ ಮಕ್ಕಳು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಗಾಡಿಯ ಮಾಲೀಕರಿಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲು ಇದೆ. ಗಾಡಿಯ ನೋಂದಣಿ 12 ತಿಂಗಳು ರದ್ದಾಗುತ್ತದೆ. ಮಗುವಿಗೆ 25 ವರ್ಷ ತುಂಬುವವರೆಗೂ ಲೈಸೆನ್ಸ್ ಸಿಗುವುದಿಲ್ಲ.

ಪಕ್ಕದ ಮನೆಯವರ ಮಾತಿಗೆ ಬಂದರೆ, ಮಕ್ಕಳನ್ನು ಖಂಡಿತ ಕರೆದುಕೊಂಡು ಹೋಗಿ, ದುಡ್ಡು ಮಾತ್ರ ತೆಗೆದುಕೊಳ್ಳಬೇಡಿ. ಬಿಳಿ ಬೋರ್ಡಿನ ಸ್ವಂತ ಕಾರಿನಲ್ಲಿ ಬಾಡಿಗೆಗೆ ಜನರನ್ನು ಕೂರಿಸುವುದು ಕಾನೂನಿಗೆ ವಿರುದ್ಧ. ಏನಾದರೂ ಆದಾಗ ವಿಮೆ ಕಂಪನಿಯವರು ತಕರಾರು ತೆಗೆಯಬಹುದು. ಅದರ ಬದಲು ಸರದಿ ಮಾಡಿಕೊಳ್ಳಿ. ಸೋಮವಾರ ನೀವು, ಮಂಗಳವಾರ ಅವರು. ಮೂರು ಮನೆ ಸೇರಿದರೆ ವಾರಕ್ಕೆ ಎರಡೇ ದಿನ ನಿಮ್ಮ ಪಾಲು, ಗೇಟಿನ ಮುಂದೆ ಎರಡು ಕಾರು ಕಡಿಮೆ.

ಎಷ್ಟು ಮಕ್ಕಳು ಅನ್ನುವುದನ್ನು ಸೀಟ್ ಬೆಲ್ಟ್ ತೀರ್ಮಾನಿಸಲಿ. ಹಿಂದಿನ ಸೀಟಿನಲ್ಲಿ ಮೂರು ಬೆಲ್ಟ್ ಇದ್ದರೆ ಮೂರೇ ಮಕ್ಕಳು. ಎರಡು ಮಕ್ಕಳಿಗೆ ಒಂದು ಬೆಲ್ಟ್, ತೊಡೆಯ ಮೇಲೆ ಚಿಕ್ಕವನು, ಇವೆಲ್ಲ ಬೇಡ. 14 ವರ್ಷದೊಳಗಿನವರಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ ಕಾಯ್ದೆಯಲ್ಲಿ 1,000 ರೂಪಾಯಿ ದಂಡವಿದೆ, ಆದರೆ ದಂಡಕ್ಕಾಗಿ ಅಲ್ಲ ನಾನು ಹೇಳುತ್ತಿರುವುದು. ‘ಇಲ್ಲೇ ಪಕ್ಕದಲ್ಲಿ ತಾನೇ’ ಅನ್ನುವ ದೂರದಲ್ಲೂ ಜೋರು ಬ್ರೇಕ್ ಹಾಕಿದರೆ ಮಗು ಮುಂದಿನ ಸೀಟಿಗೆ ಮುಖ ಹೊಡೆದುಕೊಳ್ಳುತ್ತದೆ. ಇಳಿಸುವಾಗ ಎಡಗಡೆಯ ಬಾಗಿಲಿನಿಂದಲೇ ಇಳಿಸಿ. ಒಂದು ಮನೆಯವರು ಟೂ ವೀಲರ್‌ನಲ್ಲಿ ಬಿಡುವವರಾದರೆ ನಾಲ್ಕು ವರ್ಷ ದಾಟಿದ ಪ್ರತಿ ಮಗುವಿಗೂ ಹೆಲ್ಮೆಟ್ ಕಡ್ಡಾಯ ಅನ್ನುವುದನ್ನು ನೆನಪಿಸಿ.

ಕಾರಿನಲ್ಲಿ ಹೋದ ದಿನವೂ ಗೇಟಿನ ತನಕ ಹೋಗಬೇಡಿ. ಇದನ್ನು ನಾನು ಪ್ರತಿ ಶಾಲೆಯಲ್ಲೂ ಹೇಳುತ್ತೇನೆ. ಇನ್ನೂರು ಮುನ್ನೂರು ಮೀಟರ್ ದೂರದ ಒಂದು ಕ್ರಾಸ್‌ನಲ್ಲಿ ಕಾರು ನಿಲ್ಲಿಸಿ, ಅಲ್ಲಿಂದ ಮಕ್ಕಳನ್ನು ನಡೆಸಿಕೊಂಡು ಹೋಗಿ. ಗೇಟಿನ ಮುಂದೆ ಮಕ್ಕಳಿಗೆ ಅಪಾಯ ಮಾಡುವುದು ಯಾರೋ ಹೊರಗಿನವರಲ್ಲ, ನಮ್ಮ ಮಗುವಿಗೆ ಲೇಟಾಯಿತು ಅಂತ ರಿವರ್ಸ್ ತೆಗೆಯುವ, ಡಬಲ್ ಪಾರ್ಕಿಂಗ್ ಮಾಡುವ ನಾವೇ. ಎಲ್ಲರೂ ಮಗುವಿನ ಸುರಕ್ಷತೆಗಾಗಿಯೇ ಕಾರು ತರುತ್ತಾರೆ, ಆ ಕಾರುಗಳ ನಡುವೆಯೇ ಬೇರೆ ಮಕ್ಕಳು ನುಸುಳುತ್ತಾರೆ. ನನಗೆ ತುಂಬಾ ನೋವಾಗುವುದು ಇದನ್ನು ನೋಡಿದಾಗ.

ಕೊನೆಗೆ, ರಸ್ತೆಯನ್ನೇ ಸರಿಮಾಡಿಸುವ ಕೆಲಸ. ನೆದರ್ಲೆಂಡ್ಸಿನಲ್ಲಿ ಮಕ್ಕಳು ಸೈಕಲ್‌ನಲ್ಲಿ ಶಾಲೆಗೆ ಹೋಗುವ ಚಿತ್ರ ನೋಡಿ ‘ಅವರ ದೇಶವೇ ಹಾಗೆ’ ಅನ್ನುತ್ತೇವೆ. ಹಾಗಿರಲಿಲ್ಲ. 1971ರ ಒಂದೇ ವರ್ಷ ಆ ಚಿಕ್ಕ ದೇಶದ ರಸ್ತೆಗಳಲ್ಲಿ ಮೂರು ಸಾವಿರಕ್ಕೂ ಹೆಚ್ಚು ಜನ ಸತ್ತರು, ಅವರಲ್ಲಿ ನಾನೂರಕ್ಕೂ ಹೆಚ್ಚು ಮಕ್ಕಳು. ತಂದೆತಾಯಂದಿರು ಬೀದಿಗಿಳಿದು ‘ಮಕ್ಕಳ ಕೊಲೆ ನಿಲ್ಲಿಸಿ’ ಅಂತ ಕೇಳಿದರು. ಕೇಳುತ್ತಲೇ ಇದ್ದರು. ರಸ್ತೆಗಳು ಬದಲಾಗುತ್ತಾ ಬಂದದ್ದು ಆಮೇಲೆ.

ನೀವು ಬೀದಿಗಿಳಿಯಬೇಕಿಲ್ಲ, ಒಂದು ಅರ್ಜಿಯಿಂದ ಶುರುಮಾಡಿ. ನಡೆದು ನೋಡಿದಾಗ ಗುರುತು ಮಾಡಿಕೊಂಡ ಜಾಗಗಳ ಫೋಟೋ ಇರುತ್ತದಲ್ಲ, ಅದನ್ನೇ ಲಗತ್ತಿಸಿ. ‘ರಸ್ತೆ ಸರಿಮಾಡಿ’ ಅಂತ ಬರೆದರೆ ಯಾವ ಅಧಿಕಾರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. ‘ಇಂಥ ಕ್ರಾಸ್‌ನಲ್ಲಿ ಅಳಿಸಿಹೋದ ಜೀಬ್ರಾಗೆ ಮತ್ತೆ ಬಣ್ಣ ಬಳಿಯಿರಿ, ಇಷ್ಟನೇ ನಂಬರ್ ಮನೆಯ ಮುಂದೆ ಮೋರಿಗೆ ಚಪ್ಪಡಿ ಹಾಕಿಸಿ, ಗೇಟಿನ ಎರಡೂ ಕಡೆ ಶಾಲೆ ಬಿಡುವ ಹೊತ್ತಿನಲ್ಲಿ ಪಾರ್ಕಿಂಗ್ ನಿಷೇಧಿಸಿ’ ಅಂತ ಬರೆಯಿರಿ. ಫುಟ್‌ಪಾತ್, ಚಪ್ಪಡಿಯ ಕೆಲಸ ಪಾಲಿಕೆಯದು. 2025ರ ಸೆಪ್ಟೆಂಬರಿನಿಂದ ಬಿಬಿಎಂಪಿ ಬದಲು ಐದು ನಗರ ಪಾಲಿಕೆಗಳಿವೆ, ನಿಮ್ಮ ಭಾಗದ ಪಾಲಿಕೆಯ ಇಂಜಿನಿಯರ್‌ಗೆ ಕೊಡಿ. ಪಾರ್ಕಿಂಗ್, ಬೆಳಗ್ಗೆ ಸಂಜೆ ಒಬ್ಬ ಸಿಬ್ಬಂದಿ ನಿಲ್ಲುವುದು, ಇವು ನಿಮ್ಮ ಭಾಗದ ಸಂಚಾರ ಪೊಲೀಸ್ ಠಾಣೆಯ ಕೆಲಸ. ರಸ್ತೆ ಹೇಗಿರಬೇಕು ಅಂತ ಅಳತೆ ಗೊತ್ತುಮಾಡುವ ಇಂಜಿನಿಯರ್‌ಗಳ ಸಂಸ್ಥೆ ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾರ್ಗಸೂಚಿಯಲ್ಲಿ ಫುಟ್‌ಪಾತಿನ ಮೇಲೆ ನಡೆಯಲು ಅಡ್ಡಿಯಿಲ್ಲದ 1.8 ಮೀಟರ್ ಜಾಗ ಇರಬೇಕು ಅಂತಿದೆ. ಟೇಪ್ ಹಿಡಿದು ಅಳೆದು, ಎಷ್ಟಿದೆ ಅಂತ ಅರ್ಜಿಯಲ್ಲೇ ಬರೆಯಿರಿ. ಶಾಲೆಯ ಮುಖ್ಯಸ್ಥರ ಸಹಿ, ಇಪ್ಪತ್ತು ಮೂವತ್ತು ಪೋಷಕರ ಸಹಿ ಇರಲಿ. ಕೊಟ್ಟ ದಿನವೇ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಒಂದು ತಿಂಗಳಲ್ಲಿ ಏನೂ ಆಗದಿದ್ದರೆ ಅದೇ ಪ್ರತಿ ಹಿಡಿದು ಮತ್ತೆ ಹೋಗಿ, ಆ ಸಲ ಒಬ್ಬರೇ ಹೋಗಬೇಡಿ.